ಮಗ್ಗ ನಿಲ್ಲಿಸುವ ಜಾಣತನ

ಅನಗವಾಡಿಯ ತಮ್ಮನಿಗೆ,

ರಬಕವಿ-ಬನಹಟ್ಟಿಯ ನೇಕಾರ ಹಾಸಿನ ಎಳೆ ಹರಿದರೆ ಮೊದಲು ಮಗ್ಗ ನಿಲ್ಲಿಸುತ್ತಾನೆ. ಇಲ್ಲದಿದ್ದರೆ ಸೀರೆಯೇ ಕೆಡುತ್ತದೆ. ಮೈಯೊಳಗಿನ ಜೀವಕೋಶಕ್ಕೂ ಈ ಜಾಣತನವಿದೆ. ಡಿಎನ್‌ಎಗೆ ದೊಡ್ಡ ಪೆಟ್ಟು ಬಿದ್ದಾಗ ಪಿ53, ಪಿ16 ಎಂಬ ಪ್ರೋಟೀನುಗಳು ಅದರ ವಿಭಜನೆಯನ್ನು ತಡೆಯುತ್ತವೆ. ಇಂಥ ಕೋಶ ಸಾಯದೆ ಉಳಿಯಬಹುದು, ಆದರೆ ಮುಂದೆ ಎರಡಾಗುವುದಿಲ್ಲ. ಪೆಟ್ಟು ಬೀಳದ ಕೋಶಕ್ಕೂ ಒಂದು ಮಿತಿಯುಂಟು: ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯಕೋಶಗಳು ಸುಮಾರು 50 ಸಲ ವಿಭಜನೆಯಾಗಿ ನಿಂತುಬಿಡುವುದನ್ನು ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ವಿಜ್ಞಾನಿಗಳು 1961ರಲ್ಲೇ ತೋರಿಸಿದರು. ಹೀಗೆ ವಿಭಜನೆ ನಿಂತುಹೋಗುವುದೇ ಕೋಶದ ಮುಪ್ಪು. ಕ್ಯಾನ್ಸರ್ ಎಂದರೆ ಲಂಗುಲಗಾಮಿಲ್ಲದ ವಿಭಜನೆ; ಹಾಗಾಗಿ ಈ ಮುಪ್ಪು ನಮಗೆ ಕಾವಲು.

ಅಂದಮೇಲೆ ಇಂಥ ಕೋಶಗಳು ಹೆಚ್ಚಿದಷ್ಟೂ ಕ್ಷೇಮವೇ? ಅಲ್ಲ. ನಿಂತ ಕೋಶ ನಿಂತ ಮಗ್ಗದಂತೆ ಸುಮ್ಮನಿರುವುದಿಲ್ಲ. ಉರಿಯೂತ ತರುವ ರಾಸಾಯನಿಕಗಳನ್ನು ಸುತ್ತಲೂ ಸೂಸುತ್ತದೆ. ಹರೆಯದಲ್ಲಿ ರೋಗನಿರೋಧಕ ಕೋಶಗಳು ಇವನ್ನು ಗುಡಿಸಿ ಹಾಕುತ್ತವೆ. ವಯಸ್ಸಾದಂತೆ ಆ ಶಕ್ತಿ ಕುಂದಿ ಇವು ಗುಡ್ಡೆಯಾಗುತ್ತವೆ. ಅಕ್ಕಪಕ್ಕದ ಕೆಟ್ಟ ಕೋಶ ಗಡ್ಡೆಯಾಗಲು ಇವೇ ಇಂಬು ಕೊಡಬಲ್ಲವು. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ. ಹಾಗಿದ್ದರೆ ಮುಪ್ಪಾದ ಕೋಶಗಳನ್ನೆಲ್ಲ ಕೊಲ್ಲುವ ಮಾತ್ರೆ ನುಂಗಿದರಾಯಿತು ಎನ್ನಬೇಡ. 2011ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಬೇಗ ಮುಪ್ಪಾಗುವ ಇಲಿಗಳಲ್ಲಿ ಇಂಥ ಕೋಶಗಳನ್ನು ತೆಗೆದಾಗ ಮುಪ್ಪಿನ ಕೆಲವು ತೊಂದರೆಗಳು ತಡವಾದದ್ದು ನಿಜ. ಆದರೆ ಗಾಯ ಮಾಯಲು ಇವೇ ಕೋಶಗಳು ನೆರವಾಗುತ್ತವೆ. ಮುಪ್ಪಾದ ಕೋಶಗಳನ್ನು ಕೊಲ್ಲಲು ಪರೀಕ್ಷಿಸುತ್ತಿರುವ ಡಸಾಟಿನಿಬ್ ಮೂಲತಃ ರಕ್ತದ ಕ್ಯಾನ್ಸರಿನ ಔಷಧ, ಅಡ್ಡಪರಿಣಾಮಗಳೂ ಉಂಟು.

ಆದ್ದರಿಂದ ಮಾತ್ರೆಗೆ ಕಾಯುವುದಕ್ಕಿಂತ ಪೆಟ್ಟನ್ನೇ ತಪ್ಪಿಸುವುದು ಮೇಲು. ನಮ್ಮ ಭಾಗದಲ್ಲಿ ಅನೇಕರಿಗೆ ಆ ಪೆಟ್ಟು ಬೀಳುವುದು ಬಾಯಿಗೆ. ಅಡಿಕೆ, ಗುಟ್ಕಾ ಜಗಿಯುವವರ ಒಳಗೆನ್ನೆ ನಾರುಗಟ್ಟಿ ಬಾಯಿ ತೆರೆಯಲಾಗದ ರೋಗವೊಂದಿದೆ. ಆ ಊತಕದಲ್ಲಿ ಮುಪ್ಪಾದ ಕೋಶಗಳು ಹೆಚ್ಚಿರುವುದನ್ನು ಸಂಶೋಧಕರು ಕಂಡಿದ್ದಾರೆ. ಕೆಲವರಲ್ಲಿ ಅದು ಕ್ಯಾನ್ಸರಿಗೂ ತಿರುಗುತ್ತದೆ. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿದರೂ ಪಾನ್ ಮಸಾಲೆಯ ಚೀಟಿ, ತಂಬಾಕಿನ ಚೀಟಿ ಕೂಡಿಸಿ ಜಗಿಯುವ ಚಟ ನಿಂತಿಲ್ಲ. ಅಜ್ಜ ಎಲೆ-ಅಡಿಕೆ ಹಾಕಿಯೇ ತೊಂಬತ್ತು ಬಾಳಿದ ಎನ್ನುವವರಿದ್ದಾರೆ. ಕಟ್ಟೆಯ ಮಾತಿನಲ್ಲಿ ಉದಾಹರಣೆಯಾಗುವುದು ಹೀಗೆ ಬದುಕುಳಿದವರೇ. ಸತ್ತವರು ಸಾಕ್ಷಿಗೆ ಬರುವುದಿಲ್ಲ.

ಹರಿದ ಎಳೆಯನ್ನು ನೇಕಾರ ಗಂಟು ಹಾಕಿ ಮಗ್ಗವನ್ನು ಮತ್ತೆ ನಡೆಸುತ್ತಾನೆ. ಮುಪ್ಪಾದ ಕೋಶವನ್ನು ಹಾಗೆ ನಡೆಸಲಾಗದು. ಜೇಬಿನ ಚೀಟಿಯನ್ನು ಇಂದೇ ಬಿಸಾಡು, ತಮ್ಮಾ. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಬಾಗಲಕೋಟೆಯ ದಂತ ಕಾಲೇಜಿಗೆ ಹೋಗಿ ತೋರಿಸು.