ವರ್ತಮಾನ ಬರೆಯುವ ವಿದ್ಯೆ

ಕೈಬರಹ ಬಲ್ಲ ಹುಡುಗಿಯು ಸುದ್ದಿ ಬರೆಯುವದನ್ನು ಕಾಲೇಜಿಗೆ ಹೋಗಿ ಕಲಿಯಬೇಕೇ ಎಂದು ತಂದೆತಾಯಿಗಳು ಕೇಳುವದುಂಟು. ಅಮೇರಿಕದ ಮಿಸೌರಿ ವಿಶ್ವವಿದ್ಯಾನಿಲಯದಲ್ಲಿ 1908ರಲ್ಲಿ ಪತ್ರಿಕಾವಿದ್ಯೆಯ ಶಾಲೆಯು ಆರಂಭವಾದ ದಿನವೇ ವಿದ್ಯಾರ್ಥಿಗಳು ಸ್ವಂತ ಪತ್ರಿಕೆಯನ್ನು ಹೊರಡಿಸಿದರು. ನೀರಿಗಿಳಿಯದೆ ಈಜು ಬಾರದಷ್ಟೆ. ಆ ಶಾಲೆಯಿಂದ ಪದವಿ ಪಡೆದ ಮೊದಲನೆಯ ಸ್ತ್ರೀ ಮೇರಿ ಪ್ಯಾಕ್ಸ್‌ಟನ್, ವರುಷ 1910.

ಈ ವಿದ್ಯೆಯಲ್ಲಿ ಬರವಣಿಗೆಗಿಂತ ವಿಚಾರಣೆಯೇ ಹೆಚ್ಚು. ಒಂದು ಮನೆಗೆ ಬೆಂಕಿ ಬಿದ್ದಿತೆನ್ನೋಣ. ಸತ್ತವರು ಮೂವರೆಂದು ನೆರೆಯವರು, ಇಬ್ಬರೆಂದು ಪೊಲೀಸರು ಹೇಳುವರು. ವಿದ್ಯಾರ್ಥಿನಿಯು ಆಸ್ಪತ್ರೆಗೂ ಹೋಗಿ ಕೇಳಬೇಕು. ಅಲ್ಲಿಯೂ ನಿಶ್ಚಯವಾಗದಿದ್ದರೆ ಯಾರು ಏನೆಂದರೆಂಬದನ್ನು ಇದ್ದ ಹಾಗೆಯೇ ಬರೆಯಬೇಕು. ಸೊಸೆಯೇ ಹಚ್ಚಿದಳಂತೆ ಎಂಬ ಮಾತನ್ನಂತೂ ಬರೆಯಕೂಡದು. ಅದು ಸುಳ್ಳೆಂದು ನಾಳೆ ತಿದ್ದುಪಡಿ ಅಚ್ಚಾದರೆ ಅದನ್ನು ಓದುವವರೆಷ್ಟು ಮಂದಿ?

ಬಲಾತ್ಕಾರಕ್ಕೊಳಗಾದ ಹೆಣ್ಣಿನ ಗುರುತನ್ನು ಪ್ರಕಟಿಸುವದು, ಕಾನೂನು ಹೇಳಿದ ಕೆಲವು ಸಂದರ್ಭಗಳ ಹೊರತು, ನಮ್ಮ ದೇಶದಲ್ಲಿ 1983ರಿಂದ ಅಪರಾಧವಾಗಿದೆ. ಹೆಸರೊಂದನ್ನು ಬಿಟ್ಟರೆ ಸಾಲದು. ತಂದೆಯ ಅಂಗಡಿ ಯಾವದು, ಆಕೆ ಯಾವ ತರಗತಿಯಲ್ಲಿರುವಳು ಎಂದು ಬರೆದ ಮೇಲೆ ಊರಿಗೆ ತಿಳಿಯದೇ ಉಳಿಯುವದೇನು? ಆ ಹುಡುಗಿಯು ಮರುದಿನ ಅದೇ ಬೀದಿಯಲ್ಲಿ ನಡೆದು ಶಾಲೆಗೆ ಹೋಗಬೇಕಾಗಿದೆ.