ಒಂದು ಚಿತ್ರಾನ್ನಕ್ಕೆ 1,294 ರೂಪಾಯಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಯಂತ್ರ ಕೂತಿದೆ. ಅಕ್ಕಿ, ಬೇಳೆ ಸುರಿದು ಗುಂಡಿ ಒತ್ತಿದರೆ ಸಾಕು, ತಾನೇ ತೂಗಿ, ತಾನೇ ಕೈಯಾಡಿಸಿ, ತಾನೇ ಬೇಯಿಸುತ್ತದೆ ಎಂದು ಅಂಗಡಿಯ ಹುಡುಗ ಹೇಳಿದ್ದ. ಬೆಲೆ 24,000. ತಂದು ಏಳು ತಿಂಗಳಾಯಿತು, ಬಳಸಿದ್ದು 19 ಸಲ. ಇಷ್ಟು ನಿಖರವಾಗಿ ಹೇಗೆ ಗೊತ್ತೆಂದರೆ, ಯಂತ್ರವೇ ಎಣಿಸಿಟ್ಟುಕೊಳ್ಳುತ್ತದೆ. ಅದೊಂದು ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ.

ನಾನೂ ಹೆಂಡತಿಯೂ ಕೆಲಸ ಮುಗಿಸಿ ಬನಶಂಕರಿ ಸೇರುವಾಗ ರಾತ್ರಿ ಎಂಟೂವರೆ. ಸಿಲ್ಕ್ ಬೋರ್ಡ್ ದಾಟಿ ಬಂದವರಿಗೆ ಈರುಳ್ಳಿ ಹೆಚ್ಚುವ ತ್ರಾಣ ಉಳಿದಿರುವುದಿಲ್ಲ. ವಾರಕ್ಕೆ ಮೂರು ರಾತ್ರಿ ಮೊಬೈಲಿನಲ್ಲೇ ಊಟ ತರಿಸುತ್ತಿದ್ದೆವು. ಮಗಳೂ ಸೇರಿ ಮೂವರಿಗೆ, ಪ್ಯಾಕಿಂಗು, ಡೆಲಿವರಿ, ಪ್ಲಾಟ್‌ಫಾರ್ಮ್ ಶುಲ್ಕ, ಜಿಎಸ್‌ಟಿ ಎಲ್ಲ ಕೂಡಿ ಸಲಕ್ಕೆ 480 ರೂಪಾಯಿ. ತಿಂಗಳಿಗೆ 12 ಸಲ, 5,760. ಯಂತ್ರದ ಕಂತು ತಿಂಗಳಿಗೆ 2,000, ಅದೂ ‘ನೋ ಕಾಸ್ಟ್ ಇಎಂಐ’. ಉಳಿಯುವುದು 3,760 ಎಂದು ನಿಂತಲ್ಲೇ ಕಳೆದು ಕಾರ್ಡ್ ಉಜ್ಜಿದೆ. ಯಂತ್ರದೊಳಗೆ ಹಾಕುವ ದಿನಸಿಗೂ ದುಡ್ಡು ಬೇಕು ಎನ್ನುವುದು ಹಣಕಾಸು ಅಂಕಣ ಬರೆಯುವವನಿಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಮೊದಲ ತಿಂಗಳ ಸ್ಟೇಟ್‌ಮೆಂಟ್ 2,288 ತೋರಿಸಿತು. 288 ಎಲ್ಲಿಂದ ಬಂತು?

ಕಾಗದ, ಪೆನ್ನು ಹಿಡಿದು ಕೂತೆ. ಬಿಲ್ಲಿನಲ್ಲಿ 1,956 ರೂಪಾಯಿ ರಿಯಾಯಿತಿ ಕೊಟ್ಟಿದ್ದಾರೆ. ಹಾಗಾಗಿ ಬ್ಯಾಂಕು ಕೊಟ್ಟ ಸಾಲ 22,044. ಅದರ ಮೇಲೆ ಶೇ 16ರ ಬಡ್ಡಿ, 12 ಕಂತು. ಒಟ್ಟು ಬಡ್ಡಿ ಮತ್ತದೇ 1,956. ಬಲಗೈಯಲ್ಲಿ ಕೊಟ್ಟದ್ದನ್ನು ಎಡಗೈಯಲ್ಲಿ ತೆಗೆದುಕೊಂಡರೆ ಸೊನ್ನೆ, ಸರಿ. ಆದರೆ ಬಡ್ಡಿಗೆ ಶೇ 18ರ ಜಿಎಸ್‌ಟಿ ಇದೆಯಲ್ಲ! ಮೊದಲ ತಿಂಗಳ ಬಡ್ಡಿ 294, ಅದಕ್ಕೆ 53. ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ ಸೇರಿ 235. ಕೂಡಿದರೆ 288. ವರ್ಷಪೂರ್ತಿ ಬಡ್ಡಿಯ ಮೇಲಿನ ಜಿಎಸ್‌ಟಿ 352, ಫೀ 235, ಒಟ್ಟು 587. ಇಷ್ಟೇ ಆಗಿದ್ದರೆ ಹೋಗಲಿ ಅನ್ನುತ್ತಿದ್ದೆ. ಒಂದೇ ಸಲಕ್ಕೆ ಪಾವತಿಸಿದರೆ 22,500ಕ್ಕೆ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ಆ 1,500 ಕೂಡ ನನ್ನ ಕೈಬಿಟ್ಟಿತು. 22,500 ರೂಪಾಯಿಯ ಸಾಮಾನಿಗೆ 2,087 ಹೆಚ್ಚು. ಪ್ರತಿ ಕಂತಿಗೂ ಬಾಕಿ ಇಳಿಯುತ್ತಾ ಹೋಗುವುದರಿಂದ ವರ್ಷವಿಡೀ ನನ್ನ ಮೇಲಿರುವ ಸಾಲ ಸರಾಸರಿ ಹನ್ನೆರಡು ಸಾವಿರ ಚಿಲ್ಲರೆ ಮಾತ್ರ. ಅದಕ್ಕೆ 2,087 ಎಂದರೆ ಶೇ 17! ದುಡ್ಡು ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿತ್ತು.

ಶೂನ್ಯ ಬಡ್ಡಿ ಎನ್ನುವ ವಸ್ತುವೇ ಇಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಹೆಸರು ‘ನೋ ಕಾಸ್ಟ್’ ಎಂದು ಬದಲಾಯಿತು, ಅಂಗಡಿಯ ಬೋರ್ಡು ಇನ್ನೂ ದೊಡ್ಡದಾಯಿತು. ಬಡ್ಡಿ ಇದೆ ಎಂದು ನೇರವಾಗಿ ಹೇಳುವ ಸಾಲವನ್ನಾದರೂ ನಂಬಬಹುದು, ಇದನ್ನು ನಂಬಲಾಗದು.

24,587ನ್ನು 19ರಿಂದ ಭಾಗಿಸಿ: 1,294. ಆ 19ರಲ್ಲಿ ಹೆಚ್ಚಿನವು ಚಿತ್ರಾನ್ನ. ಅದೂ ಎಂಥ ಚಿತ್ರಾನ್ನ! ಯಂತ್ರದೊಳಗೆ ಸಾಸಿವೆ ಚಟಪಟ ಅನ್ನುವುದೇ ಇಲ್ಲ, ಪಾಪ, ಸುಮ್ಮನೆ ಬೇಯುತ್ತದೆ. ಈರುಳ್ಳಿ ನಾವೇ ಹೆಚ್ಚಬೇಕು, ಮೂರು ಕಿಲೋ ಭಾರದ ಪಾತ್ರೆ ನಾವೇ ತೊಳೆಯಬೇಕು.

ಅರಸೀಕೆರೆಯಿಂದ ಬಂದ ಅಮ್ಮ ಮೂರು ದಿನ ಯಂತ್ರವನ್ನು ನೋಡಿದಳು. ನಾಲ್ಕನೆಯ ದಿನ, “ಸೊಪ್ಪು ಸೋಸೋಕೆ ಬರುತ್ತೇನೋ ಇದಕ್ಕೆ?” ಎಂದಳು. ಬರಲ್ಲ ಅಂದೆ. “ಮತ್ತೆ ಇನ್ನೇನು ಬರುತ್ತೆ?” ಎಂದು ಹಳೆಯ ಐದು ಲೀಟರ್ ಕುಕ್ಕರ್ ಕೆಳಗಿಳಿಸಿದಳು. ಅಡಿಯಲ್ಲಿ ಬೇಳೆ, ಮೇಲಿನ ಡಬ್ಬಿಯಲ್ಲಿ ಅಕ್ಕಿ. ಕುಕ್ಕರ್ ಕೂಗುವಷ್ಟರಲ್ಲಿ ಸೊಪ್ಪು ಹೆಚ್ಚಿ ಆಗಿತ್ತು. ಬೇಳೆ 14, ಅಕ್ಕಿ 18, ಎರಡು ಕಟ್ಟು ಸೊಪ್ಪು 30, ಕಾಯಿ 15, ಒಗ್ಗರಣೆ, ಹುಣಸೆ 10, ಗ್ಯಾಸು 8. ಮೂವರ ಊಟ 95 ರೂಪಾಯಿ, ಅರ್ಧ ಗಂಟೆ. ತರಿಸಿದ ಊಟ ಗೇಟು ಮುಟ್ಟಲು ನಲವತ್ತು ನಿಮಿಷ ಬೇಕಿತ್ತು.

ಈಗ ಭಾನುವಾರ ಕಾಯಿ ತುರಿದು ಫ್ರೀಜರಿಗೆ ಹಾಕುತ್ತೇವೆ, ಪುಳಿಯೋಗರೆ ಗೊಜ್ಜು ಒಂದು ಭರಣಿ ಕುದಿಸಿಡುತ್ತೇವೆ, ದೋಸೆಹಿಟ್ಟು ರುಬ್ಬಿಡುತ್ತೇವೆ. ಹೇಳುವುದಕ್ಕೆ ಇದರಲ್ಲಿ ಹೊಸದೇನಿಲ್ಲ. ಆದರೆ ಒಂದು ಮಾತು. ರಾತ್ರಿ ಏನು ಊಟ ಎಂದು ಬೆಳಿಗ್ಗೆ ಹಲ್ಲುಜ್ಜುವಾಗಲೇ ಗೊತ್ತಿರಬೇಕು. ಎಂಟೂವರೆಗೆ, ಹೊಟ್ಟೆ ಚುರುಗುಟ್ಟುವಾಗ, ಕೈಯಲ್ಲಿ ಫೋನ್ ಹಿಡಿದು ಯೋಚಿಸಲು ಕೂತವರು ಯಾವತ್ತೂ 95 ರೂಪಾಯಿಯ ಊಟ ಉಣ್ಣುವುದಿಲ್ಲ. ಊಟದ ಆಪ್‌ಗಳನ್ನು ಫೋನಿನಿಂದ ತೆಗೆದುಹಾಕಿ. ಬೇಕೇ ಬೇಕಾದ ದಿನ ಮತ್ತೆ ಹಾಕಿಕೊಳ್ಳುವ ಸೋಮಾರಿತನವೇ ನಿಮ್ಮನ್ನು ಕಾಯುತ್ತದೆ. ಹೆಂಡತಿ ಇದನ್ನು ಓದಿ, “ಊರಿಗೆಲ್ಲ ಹೇಳೋ ಮುಂಚೆ ನಿಮ್ಮ ಫೋನ್ ಕೊಡಿ ಇಲ್ಲಿ” ಅಂದಳು. ಕೊಟ್ಟೆ. ಎರಡು ಇದ್ದವು.

ಯಂತ್ರ ಮಾರಲು ವಿಚಾರಿಸಿದೆ. 9,000ಕ್ಕಿಂತ ಮೇಲೆ ಯಾರೂ ಕೇಳಲಿಲ್ಲ. ಕಂತು ಇನ್ನೂ ಐದು ಬಾಕಿ, 10,000, ಜಿಎಸ್‌ಟಿ ಬೇರೆ. ಸದ್ಯಕ್ಕೆ ಅದರ ಮುಚ್ಚಳದ ಮೇಲೆ ಗೊಜ್ಜಿನ ಭರಣಿ ಇಟ್ಟಿದ್ದೇವೆ.