ಪಂಚಾಯಿತಿ ಲ್ಯಾಪ್‌ಟಾಪ್ ಪದೇ ಪದೇ ಸ್ಥಗಿತಗೊಂಡಾಗ: ಕಾರಣ ಪತ್ತೆಯ ಕ್ರಮ

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನ ಪಾಠ

ಪೀಠಿಕೆ

ಗ್ರಾಮ ಪಂಚಾಯಿತಿ ಕಚೇರಿಯ ದೈನಂದಿನ ಕಾರ್ಯವು ಇಂದು ಬಹುಪಾಲು ಗಣಕಯಂತ್ರವನ್ನು ಅವಲಂಬಿಸಿದೆ. ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11ರ ವಿತರಣೆ, ಪಂಚತಂತ್ರ 2.0ರಲ್ಲಿ ತೆರಿಗೆಯ ದಾಖಲೆ, ಇ-ಗ್ರಾಮ ಸ್ವರಾಜ್‌ನಲ್ಲಿ ಯೋಜನೆ ಮತ್ತು ಪಾವತಿಯ ನಮೂದು, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಇವೆಲ್ಲವೂ ಒಂದೆರಡು ಯಂತ್ರಗಳ ಮೇಲೆ ನಿಂತಿವೆ. ಅಂತಹ ಯಂತ್ರವು ದಿನಕ್ಕೆ ಮೂರು ನಾಲ್ಕು ಬಾರಿ ಸ್ಥಗಿತಗೊಂಡಲ್ಲಿ, ಕೂಲಿ ಬಿಟ್ಟು ಮಜರೆ ಗ್ರಾಮದಿಂದ ಬಂದ ಅರ್ಜಿದಾರರು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯ ಸಭೆಯ ಮುಂದೆ ಬರುವ ಪ್ರಸ್ತಾವನೆಗಳು ಸಾಮಾನ್ಯವಾಗಿ ಎರಡು: ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ಅಥವಾ ಹೊಸದನ್ನು ಖರೀದಿಸುವುದು. ಎರಡೂ ಕೆಲವೊಮ್ಮೆ ಸರಿಯಾದ ಪರಿಹಾರಗಳೇ. ಆದರೆ ಕಾರಣವನ್ನು ಅರಿಯದೆ ಕೈಗೊಂಡ ಪರಿಹಾರವು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ದೋಷವು ಚಾರ್ಜರಿನಲ್ಲಿದ್ದರೆ ಫಾರ್ಮ್ಯಾಟ್ ಮಾಡಿಸಿದ ಮರುದಿನವೂ ಯಂತ್ರ ಆರಿಹೋಗುತ್ತದೆ. ಕಚೇರಿಯ ವಿದ್ಯುತ್ ಜೋಡಣೆಯಲ್ಲಿ ದೋಷವಿದ್ದರೆ ಹೊಸ ಯಂತ್ರಕ್ಕೂ ಅದೇ ಗತಿ.

ಸದಸ್ಯರು ಸ್ವತಃ ಯಂತ್ರವನ್ನು ದುರಸ್ತಿ ಮಾಡಬೇಕೆಂಬುದು ಈ ಪಾಠದ ಉದ್ದೇಶವಲ್ಲ. ವೆಚ್ಚಕ್ಕೆ ಅನುಮೋದನೆ ನೀಡುವ ಮುನ್ನ ಯಾವ ಪ್ರಶ್ನೆಗಳನ್ನು ಕೇಳಬೇಕು, ಸಿಬ್ಬಂದಿಯ ಉತ್ತರವನ್ನು ಹೇಗೆ ತೂಗಿ ನೋಡಬೇಕು ಎಂಬುದನ್ನು ತಿಳಿಸುವುದೇ ಇಲ್ಲಿನ ಉದ್ದೇಶ.

1. ಮೂಲ ತತ್ವ

ಕೊಳವೆಬಾವಿಯ ಮೋಟಾರು ನಿಂತಾಗ ಅನುಭವಿ ನೀರುಗಂಟಿಯು ತಕ್ಷಣವೇ ಪಂಪನ್ನು ಮೇಲೆತ್ತಿಸುವುದಿಲ್ಲ. ಮೂರೂ ಫೇಸ್‌ಗಳಲ್ಲಿ ವಿದ್ಯುತ್ ಇದೆಯೇ, ಸ್ಟಾರ್ಟರ್ ಸರಿಯಿದೆಯೇ, ಕೇಬಲ್ ಸುಟ್ಟಿದೆಯೇ ಎಂದು ಮೊದಲು ನೋಡುತ್ತಾನೆ. ಪಂಪನ್ನು ಎತ್ತುವುದು ಕಟ್ಟಕಡೆಯ ಕ್ರಮ, ಏಕೆಂದರೆ ಅದು ದುಬಾರಿ. ಲ್ಯಾಪ್‌ಟಾಪಿಗೂ ಇದೇ ತತ್ವ ಅನ್ವಯಿಸುತ್ತದೆ. ಅದನ್ನು ಮೂರು ಮಾತುಗಳಲ್ಲಿ ಹೇಳಬಹುದು.

ಅ) ದುರಸ್ತಿಗೆ ಮುನ್ನ ದತ್ತಾಂಶವನ್ನು ರಕ್ಷಿಸುವುದು.
ಆ) ಬದಲಾವಣೆಗೆ ಮುನ್ನ ಸಾಕ್ಷ್ಯವನ್ನು ದಾಖಲಿಸುವುದು.
ಇ) ಒಂದು ಬಾರಿಗೆ ಒಂದೇ ಬದಲಾವಣೆ ಮಾಡಿ, ಫಲಿತಾಂಶವನ್ನು ಗಮನಿಸಿದ ಬಳಿಕವೇ ಮುಂದಿನದಕ್ಕೆ ಹೋಗುವುದು.

ಒಂದೇ ದಿನ ಚಾರ್ಜರ್ ಬದಲಿಸಿ, ಮೆಮೊರಿ ಬದಲಿಸಿ, ಫಾರ್ಮ್ಯಾಟ್ ಕೂಡ ಮಾಡಿಸಿದರೆ ಯಂತ್ರ ಸರಿಹೋಗಬಹುದು. ಆದರೆ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ. ಮೂರು ವೆಚ್ಚಗಳಲ್ಲಿ ಎರಡು ಅನಗತ್ಯವಾಗಿದ್ದವೇ ಎಂಬುದಕ್ಕೂ ಉತ್ತರವಿರುವುದಿಲ್ಲ.

2. ದತ್ತಾಂಶ ರಕ್ಷಣೆ

ಇ-ಸ್ವತ್ತು, ಪಂಚತಂತ್ರ ಮುಂತಾದ ತಂತ್ರಾಂಶಗಳ ದತ್ತಾಂಶವು ಸರ್ವರ್‌ನಲ್ಲಿರುವುದರಿಂದ ಲ್ಯಾಪ್‌ಟಾಪ್ ಕೆಟ್ಟರೂ ಅದು ಉಳಿಯುತ್ತದೆ. ಆದರೆ ಸಭಾ ನಡವಳಿಯ ಕರಡು, ಸ್ಕ್ಯಾನ್ ಮಾಡಿದ ಅರ್ಜಿಗಳು, ಕಾಮಗಾರಿಯ ಛಾಯಾಚಿತ್ರಗಳು, ಅಂದಾಜು ಪಟ್ಟಿಗಳು ಯಂತ್ರದೊಳಗೇ ಇರುತ್ತವೆ. ಸ್ಥಗಿತಗೊಳ್ಳುವ ಲಕ್ಷಣ ಕಂಡ ಮೊದಲ ದಿನವೇ ಇವುಗಳನ್ನು ಬಾಹ್ಯ ಡಿಸ್ಕಿಗೆ ನಕಲಿಸತಕ್ಕದ್ದು. ನಕಲಿಸಿದ ಕಡತಗಳಲ್ಲಿ ಕೆಲವನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡತಕ್ಕದ್ದು. ತೆರೆಯದ ನಕಲು ನಕಲಲ್ಲ.

ಹಳೆಯ ಕಡತಗಳನ್ನು ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರ ವಿನ್ಯಾಸದಲ್ಲಿ ಸಿದ್ಧಪಡಿಸಿದ್ದಲ್ಲಿ, ಆ ಅಕ್ಷರ ವಿನ್ಯಾಸವಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಆದ್ದರಿಂದ ತಂತ್ರಾಂಶದ ಸ್ಥಾಪನಾ ಕಡತವನ್ನೂ ನಕಲಿನೊಂದಿಗೆ ಇಡುವುದು ಉಚಿತ.

ಡಿಸ್ಕಿನ ಗೂಢಲಿಪೀಕರಣ ಚಾಲ್ತಿಯಲ್ಲಿರುವ ಯಂತ್ರಗಳಲ್ಲಿ ಮದರ್‌ಬೋರ್ಡ್ ಬದಲಾದಾಗ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ ಮರುಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಕೀಲಿ ಇಲ್ಲದಿದ್ದರೆ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಕಡತಗಳು ದೊರೆಯುವುದಿಲ್ಲ. ದುರಸ್ತಿಗೆ ಕಳುಹಿಸುವ ಮುನ್ನ ಈ ಕೀಲಿಯನ್ನು ಬರೆದು ಭದ್ರವಾಗಿರಿಸುವುದು ಅವಶ್ಯ. ಡಿಜಿಟಲ್ ಸಹಿಯ ಟೋಕನ್ ಯಾವ ಕಾರಣಕ್ಕೂ ಯಂತ್ರದೊಂದಿಗೆ ದುರಸ್ತಿ ಅಂಗಡಿಗೆ ಹೋಗಕೂಡದು.

3. ಸಾಕ್ಷ್ಯ ಸಂಗ್ರಹ

"ಲ್ಯಾಪ್‌ಟಾಪ್ ಆಫ್ ಆಗುತ್ತದೆ" ಎಂಬ ಒಂದು ಮಾತಿನಲ್ಲಿ ನಾಲ್ಕು ಬೇರೆ ಬೇರೆ ಸ್ಥಿತಿಗಳು ಅಡಗಿರಬಹುದು. ಅವುಗಳನ್ನು ಬೇರ್ಪಡಿಸುವುದೇ ಪತ್ತೆಯ ಅರ್ಧ ಕೆಲಸ.

ಅ) ಯಾವ ಸೂಚನೆಯೂ ಇಲ್ಲದೆ ಪರದೆ ಕಪ್ಪಾಗಿ ಯಂತ್ರ ಪೂರ್ಣ ಆರಿಹೋದರೆ ವಿದ್ಯುತ್ ಪೂರೈಕೆ, ಬ್ಯಾಟರಿ ಅಥವಾ ಅತಿಯಾದ ಶಾಖದ ಮೇಲೆ ಮೊದಲ ಸಂಶಯ.
ಆ) ನೀಲಿ ಪರದೆಯ ಮೇಲೆ ದೋಷ ಸಂದೇಶ ಬಂದು ಯಂತ್ರ ಮರುಚಾಲನೆಗೊಂಡರೆ ಡ್ರೈವರ್, ಮೆಮೊರಿ ಅಥವಾ ಡಿಸ್ಕಿನ ಮೇಲೆ ಸಂಶಯ.
ಇ) ಪರದೆ ಹಾಗೆಯೇ ನಿಂತು ಮೌಸ್ ಕೂಡ ಚಲಿಸದಿದ್ದರೆ ಡಿಸ್ಕ್, ಡ್ರೈವರ್ ಅಥವಾ ಶಾಖ ಕಾರಣವಿರಬಹುದು.
ಈ) ಒಂದೇ ತಂತ್ರಾಂಶ ಮುಚ್ಚಿಹೋಗಿ ಉಳಿದೆಲ್ಲವೂ ನಡೆಯುತ್ತಿದ್ದರೆ ದೋಷವು ಬಹುತೇಕ ಆ ತಂತ್ರಾಂಶದ್ದು, ಯಂತ್ರದ್ದಲ್ಲ.

ಪ್ರತಿಯೊಂದು ಘಟನೆಗೂ ದಿನಾಂಕ, ಸಮಯ, ಆಗ ನಡೆಯುತ್ತಿದ್ದ ಕೆಲಸ, ಚಾರ್ಜರ್ ಜೋಡಿಸಿತ್ತೇ, ಯಂತ್ರ ಬಿಸಿಯಾಗಿತ್ತೇ, ಪರದೆಯ ಮೇಲೆ ಏನಿತ್ತು ಎಂಬ ಆರು ಅಂಶಗಳನ್ನು ಒಂದು ವಹಿಯಲ್ಲಿ ಬರೆದಿಡತಕ್ಕದ್ದು. ನೀಲಿ ಪರದೆ ಕಂಡಲ್ಲಿ ಮೊಬೈಲ್‌ನಿಂದ ಛಾಯಾಚಿತ್ರ ತೆಗೆದರೆ ಸಾಕು. ಪರದೆ ಬೇಗನೆ ಮಾಯವಾಗುತ್ತಿದ್ದರೆ, ಸಿಸ್ಟಂ ಪ್ರಾಪರ್ಟೀಸ್‌ನ ಸ್ಟಾರ್ಟಪ್ ಆ್ಯಂಡ್ ರಿಕವರಿ ವಿಭಾಗದಲ್ಲಿ ಸ್ವಯಂ ಮರುಚಾಲನೆಯ ಗುರುತನ್ನು ತೆಗೆದುಹಾಕಬೇಕು. ಆಗ ಸಂದೇಶವು ಪರದೆಯ ಮೇಲೆ ನಿಲ್ಲುತ್ತದೆ.

ಯಂತ್ರವೂ ತನ್ನದೇ ದಿನಚರಿಯನ್ನು ಬರೆಯುತ್ತದೆ. ವಿಂಡೋಸ್‌ನ ರಿಲಯಬಿಲಿಟಿ ಮಾನಿಟರ್ ಪ್ರತಿ ದಿನದ ವೈಫಲ್ಯಗಳನ್ನು ಕೆಂಪು ಗುರುತಿನಿಂದಲೂ, ಆ ದಿನ ಸ್ಥಾಪಿಸಿದ ತಂತ್ರಾಂಶ ಹಾಗೂ ಅಪ್‌ಡೇಟ್‌ಗಳನ್ನೂ ಒಂದೇ ಪಟದಲ್ಲಿ ತೋರಿಸುತ್ತದೆ. ಕೆಂಪು ಗುರುತುಗಳು ಒಂದು ನಿರ್ದಿಷ್ಟ ಸ್ಥಾಪನೆಯ ದಿನದಿಂದಲೇ ಆರಂಭವಾಗಿದ್ದರೆ ಅದೊಂದು ಬಲವಾದ ಸುಳಿವು. ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಆಗಾಗ್ಗೆ ಕಾಣಿಸುತ್ತದೆ. ಇದನ್ನೇ ಕಾರಣವೆಂದು ಅಂಗಡಿಯವರು ಹೇಳುವುದುಂಟು. ವಾಸ್ತವದಲ್ಲಿ ಅದು, ಯಂತ್ರವು ಕ್ರಮಬದ್ಧವಾಗಿ ಮುಚ್ಚಲ್ಪಡದೆ ಮರುಚಾಲನೆಗೊಂಡಿದೆ ಎಂದಷ್ಟೇ ಹೇಳುತ್ತದೆ. ಅದು ಪರಿಣಾಮದ ದಾಖಲೆ, ಕಾರಣದ ದಾಖಲೆಯಲ್ಲ.

ಫಾರ್ಮ್ಯಾಟ್ ಮಾಡಿದ ಕ್ಷಣದಲ್ಲಿ ಈ ಎಲ್ಲ ನಮೂದುಗಳು ಅಳಿದುಹೋಗುತ್ತವೆ. ಫಾರ್ಮ್ಯಾಟ್ ಅನ್ನು ಮೊದಲ ಕ್ರಮವನ್ನಾಗಿ ಮಾಡಬಾರದು ಎನ್ನಲು ಇದು ಮುಖ್ಯ ಕಾರಣ.

4. ಪರೀಕ್ಷೆಯ ಕ್ರಮ: ವೆಚ್ಚವಿಲ್ಲದ್ದು ಮೊದಲು

ವಿದ್ಯುತ್: ಲ್ಯಾಪ್‌ಟಾಪ್ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದು ಮುದ್ರಿತವಾಗಿರುತ್ತದೆ. ಆದ್ದರಿಂದ ಅಲ್ಪಸ್ವಲ್ಪ ವೋಲ್ಟೇಜ್ ಏರಿಳಿತದಿಂದ ಮಾತ್ರ ಯಂತ್ರ ಆರುವುದು ವಿರಳ. ಸಡಿಲವಾದ ಸಾಕೆಟ್, ಬಾಗಿದ ಪಿನ್, ಒಳಗೆ ತುಂಡಾದ ತಂತಿ ಹೆಚ್ಚಾಗಿ ಕಂಡುಬರುವ ಕಾರಣಗಳು. 65 ವ್ಯಾಟ್ ಬೇಡುವ ಯಂತ್ರಕ್ಕೆ 45 ವ್ಯಾಟ್‌ನ ಚಾರ್ಜರ್ ಜೋಡಿಸಿದ್ದರೂ ತೊಂದರೆ ಉಂಟಾಗಬಹುದು. ಬ್ಯಾಟರಿ ದುರ್ಬಲವಾಗಿದ್ದರೆ ವಿದ್ಯುತ್ ಕ್ಷಣಕಾಲ ಹೋದರೂ ಯಂತ್ರ ಆರುತ್ತದೆ. ಬ್ಯಾಟರಿ ಉಬ್ಬಿ ಕೀಲಿಮಣೆ ಅಥವಾ ತಳಭಾಗ ಮೇಲೆದ್ದಿದ್ದರೆ ಬಳಕೆಯನ್ನು ತಕ್ಷಣ ನಿಲ್ಲಿಸತಕ್ಕದ್ದು. ಅದನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಕಾರಣವಾಗಬಹುದು.

ಶಾಖ: ಅನೇಕ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಮಿತಿ ಸಮೀಪಿಸಿದಾಗ ಪ್ರೊಸೆಸರ್ ಮೊದಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ, ಅದೂ ಸಾಲದಾದಾಗ ತನ್ನ ರಕ್ಷಣೆಗಾಗಿ ಯಂತ್ರವನ್ನೇ ಆರಿಸುತ್ತದೆ. ಗಾಳಿಕಿಂಡಿಯಲ್ಲಿ ಧೂಳು ತುಂಬಿರುವುದು, ಯಂತ್ರವನ್ನು ಕಡತಗಳ ಕಟ್ಟಿನ ಮೇಲೆ ಅಥವಾ ಬಟ್ಟೆಯ ಮೇಲೆ ಇರಿಸುವುದು, ಫ್ಯಾನ್ ನಿಂತಿರುವುದು ಸಾಮಾನ್ಯ ಕಾರಣಗಳು. ಬೆಳಿಗ್ಗೆ ಸರಿಯಾಗಿ ನಡೆದು ಮಧ್ಯಾಹ್ನದ ಬಳಿಕ, ವಿಶೇಷವಾಗಿ ವಿಡಿಯೋ ಸಭೆಯ ವೇಳೆ ಸ್ಥಗಿತಗೊಂಡರೆ ಶಾಖವನ್ನೇ ಮೊದಲು ಸಂಶಯಿಸಬೇಕು.

ಹೊರ ಸಾಧನಗಳು: ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಸಾಧನ, ಪೆನ್ ಡ್ರೈವ್ ಎಲ್ಲವನ್ನೂ ಕಳಚಿ ಒಂದು ದಿನ ಯಂತ್ರವನ್ನು ನಡೆಸಬೇಕು. ದೋಷ ಮರುಕಳಿಸದಿದ್ದರೆ ಒಂದೊಂದಾಗಿ ಜೋಡಿಸುತ್ತಾ ಹೋದಂತೆ ಕಾರಣವು ತಾನಾಗಿ ಹೊರಬರುತ್ತದೆ.

ತಂತ್ರಾಂಶವೇ, ಯಂತ್ರಾಂಶವೇ: ವಿಂಡೋಸ್‌ನ ಸೇಫ್ ಮೋಡ್‌ನಲ್ಲಿ ಅತ್ಯಗತ್ಯ ಡ್ರೈವರ್‌ಗಳು ಮಾತ್ರ ನಡೆಯುತ್ತವೆ. ಅಲ್ಲಿ ಯಂತ್ರ ಸ್ಥಿರವಾಗಿದ್ದು ಸಾಮಾನ್ಯ ಸ್ಥಿತಿಯಲ್ಲಿ ಮಾತ್ರ ಸ್ಥಗಿತಗೊಂಡರೆ ಡ್ರೈವರ್ ಅಥವಾ ಇತ್ತೀಚೆಗೆ ಸ್ಥಾಪಿಸಿದ ತಂತ್ರಾಂಶದ ಮೇಲೆ ಸಂಶಯ ಬಲಗೊಳ್ಳುತ್ತದೆ. ವಿಂಡೋಸ್ ಆರಂಭಗೊಳ್ಳುವ ಮುನ್ನವೇ, ಬಯೋಸ್ ಪರದೆಯಲ್ಲಿಯೇ ಯಂತ್ರ ಆರಿಹೋದರೆ ವಿಂಡೋಸ್ ನಿರಪರಾಧಿ. ಅಂತಹ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸುವುದು ವ್ಯರ್ಥ.

ಮೆಮೊರಿ: ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆ ಯಂತ್ರದಲ್ಲಿಯೇ ಉಚಿತವಾಗಿ ಲಭ್ಯವಿದೆ. ದೋಷ ಕಂಡಲ್ಲಿ ಎರಡು ಮೆಮೊರಿ ಪಟ್ಟಿಗಳಿರುವ ಯಂತ್ರದಲ್ಲಿ ಒಂದೊಂದನ್ನೇ ಇರಿಸಿ ಪರೀಕ್ಷಿಸುವುದರಿಂದ ಕೆಟ್ಟದ್ದನ್ನು ಮಾತ್ರ ಬದಲಿಸಬಹುದು. ಒಂದು ಪರೀಕ್ಷೆಯಲ್ಲಿ ದೋಷ ಕಾಣದಿದ್ದ ಮಾತ್ರಕ್ಕೆ ಮೆಮೊರಿ ನಿರ್ದೋಷಿ ಎಂದು ತೀರ್ಮಾನಿಸಲಾಗದು.

ಡಿಸ್ಕ್: ಕಡತ ತೆರೆಯಲು ಅತಿ ವಿಳಂಬ, ಓದಲಾಗದ ಕಡತಗಳು, ನೀಲಿ ಪರದೆಯಲ್ಲಿ ಕರ್ನಲ್ ಡೇಟಾ ಇನ್‌ಪೇಜ್ ಎರರ್ ಎಂಬ ಸಂದೇಶ, ಇವು ಡಿಸ್ಕ್ ದೋಷದ ಲಕ್ಷಣಗಳು. ಇಲ್ಲಿ ಕ್ರಮವು ಬಹಳ ಮುಖ್ಯ. ಮೊದಲು ದತ್ತಾಂಶದ ನಕಲು, ನಂತರ ಚೆಕ್ ಡಿಸ್ಕ್ ಪರೀಕ್ಷೆ. ಕೆಡುತ್ತಿರುವ ಡಿಸ್ಕಿನ ಮೇಲೆ ದೀರ್ಘ ಪರೀಕ್ಷೆ ನಡೆಸಿದರೆ ಉಳಿದದ್ದೂ ಹೋಗಬಹುದು.

ವ್ಯವಸ್ಥಾ ಕಡತಗಳು: ಮೇಲಿನ ಯಾವುದರಲ್ಲೂ ದೋಷ ಕಾಣದಿದ್ದಾಗ ಸಿಸ್ಟಂ ಫೈಲ್ ಚೆಕರ್‌ನಿಂದ ವಿಂಡೋಸ್ ಕಡತಗಳ ದುರಸ್ತಿ, ಇತ್ತೀಚಿನ ಡ್ರೈವರ್ ಅಥವಾ ಅಪ್‌ಡೇಟ್ ಹಿಂತೆಗೆತ, ಎರಡು ಆ್ಯಂಟಿವೈರಸ್‌ಗಳಿದ್ದಲ್ಲಿ ಒಂದನ್ನು ತೆಗೆಯುವುದು. ಇವುಗಳ ನಂತರವೇ ಫಾರ್ಮ್ಯಾಟ್.

5. ಯಂತ್ರ ಕೆಡದೆಯೂ ಸ್ಥಗಿತಗೊಳ್ಳಬಹುದು

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶದ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಸಾಧನಗಳು ನೀಲಿ ಪರದೆಯೊಂದಿಗೆ ಸ್ಥಗಿತಗೊಂಡವೆಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಆ ಯಂತ್ರಗಳ ಮೆಮೊರಿಯಾಗಲಿ ಡಿಸ್ಕ್ ಆಗಲಿ ಕೆಟ್ಟಿರಲಿಲ್ಲ. ಸೇಫ್ ಮೋಡ್‌ನಲ್ಲಿ ತೆರೆದು ಒಂದು ದೋಷಯುಕ್ತ ಕಡತವನ್ನು ಅಳಿಸುವುದೇ ಪರಿಹಾರವಾಗಿತ್ತು.

ಈ ಘಟನೆಯಿಂದ ಎರಡು ಪಾಠಗಳು ದೊರೆಯುತ್ತವೆ. ಒಂದು, ನೀಲಿ ಪರದೆ ಕಂಡಾಕ್ಷಣ ಯಂತ್ರದ ಆಯುಷ್ಯ ಮುಗಿಯಿತೆಂದು ಭಾವಿಸಬಾರದು. ಎರಡು, ಯಂತ್ರ ನಿಂತರೂ ಸೇವೆ ನಿಲ್ಲಬಾರದು. ಯಂತ್ರ ಕೆಟ್ಟಿದೆ ಎಂಬ ಕಾರಣಕ್ಕೆ ಅರ್ಜಿದಾರರನ್ನು ಹಿಂದಕ್ಕೆ ಕಳುಹಿಸದೆ, ಅರ್ಜಿಯನ್ನು ಸ್ವೀಕರಿಸಿ, ದಿನಾಂಕ ಮತ್ತು ಸಹಿ ಇರುವ ಕೈಬರಹದ ಸ್ವೀಕೃತಿ ನೀಡಿ, ವಹಿಯಲ್ಲಿ ನಮೂದಿಸಿ, ಯಂತ್ರ ಸರಿಹೋದೊಡನೆ ಗಣಕೀಕರಿಸುವ ವ್ಯವಸ್ಥೆ ಇರಬೇಕು. ಯಂತ್ರದ ದೋಷದಿಂದ ಅರ್ಜಿದಾರರ ಸರದಿ ಕಳೆದುಹೋಗಬಾರದು.

6. ಮಾದರಿ ವಹಿ ಮತ್ತು ಅದರ ವಿಶ್ಲೇಷಣೆ

ಅಭ್ಯಾಸಕ್ಕಾಗಿ ರಚಿಸಿದ ನಮೂದುಗಳು:

ಸೋಮವಾರ, ಮಧ್ಯಾಹ್ನ 12.40: ವಿಡಿಯೋ ಸಭೆ, ಚಾರ್ಜರ್ ಇತ್ತು, ಯಂತ್ರ ಬಿಸಿ, ಸೂಚನೆಯಿಲ್ಲದೆ ಆರಿತು.
ಮಂಗಳವಾರ, ಮಧ್ಯಾಹ್ನ 3.10: ಸ್ಕ್ಯಾನಿಂಗ್, ಚಾರ್ಜರ್ ಇತ್ತು, ಯಂತ್ರ ಬಿಸಿ, ಸೂಚನೆಯಿಲ್ಲದೆ ಆರಿತು.
ಬುಧವಾರ, ಮಧ್ಯಾಹ್ನ 2.25: ಬ್ಯಾಟರಿಯ ಮೇಲೆ ನಡೆಯುತ್ತಿತ್ತು, ಯಂತ್ರ ಬಿಸಿ, ಸೂಚನೆಯಿಲ್ಲದೆ ಆರಿತು.
ಗುರುವಾರ ಬೆಳಿಗ್ಗೆ: ಎರಡು ಗಂಟೆ ನಿರಂತರ ಕೆಲಸ, ದೋಷವಿಲ್ಲ.

ಬುಧವಾರದ ನಮೂದು ಇಲ್ಲಿ ನಿರ್ಣಾಯಕ. ಚಾರ್ಜರ್ ಇಲ್ಲದಿರುವಾಗಲೂ ದೋಷ ಮರುಕಳಿಸಿದ್ದರಿಂದ ಚಾರ್ಜರ್ ಮೇಲಿನ ಸಂಶಯ ತಗ್ಗುತ್ತದೆ. ನೀಲಿ ಪರದೆ ಒಮ್ಮೆಯೂ ಬಂದಿಲ್ಲ. ಸ್ಥಗಿತಗೊಂಡ ಮೂರೂ ಬಾರಿ ಯಂತ್ರ ಬಿಸಿಯಾಗಿತ್ತು. ಆದ್ದರಿಂದ ಮೊದಲ ಕ್ರಮ ಗಾಳಿಕಿಂಡಿ ಮತ್ತು ಫ್ಯಾನ್‌ಗಳ ಶುಚಿ. ನಂತರ ಒಂದು ವಾರ ಬೇರಾವ ಬದಲಾವಣೆಯನ್ನೂ ಮಾಡದೆ ವಹಿಯನ್ನು ಮುಂದುವರಿಸಬೇಕು. ದೋಷ ನಿಂತರೆ ಕಾರಣ ದೃಢಪಟ್ಟಂತೆ, ನಿಲ್ಲದಿದ್ದರೆ ಮುಂದಿನ ಪರೀಕ್ಷೆಗೆ ಸಾಗಬೇಕು. ಈ ವಹಿ ಇಲ್ಲದಿದ್ದಲ್ಲಿ ಇದೇ ದೋಷವು ಸಭೆಯ ಮುಂದೆ ಹೊಸ ಲ್ಯಾಪ್‌ಟಾಪ್ ಖರೀದಿಯ ಪ್ರಸ್ತಾವನೆಯಾಗಿ ಬರುತ್ತಿತ್ತು.

7. ಅನುಮೋದನೆಗೆ ಮುನ್ನ ಸದಸ್ಯರು ಕೇಳಬೇಕಾದ ಪ್ರಶ್ನೆಗಳು

1) ಸ್ಥಗಿತದ ವಹಿ ಇದೆಯೇ? ಎಷ್ಟು ನಮೂದುಗಳಿವೆ?
2) ದತ್ತಾಂಶದ ನಕಲು ಯಾವಾಗ ಆಯಿತು? ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಲಾಗಿದೆಯೇ?
3) ಯಂತ್ರವು ವಾರಂಟಿ ಅಥವಾ ವಾರ್ಷಿಕ ನಿರ್ವಹಣಾ ಒಪ್ಪಂದದ ಅವಧಿಯಲ್ಲಿದೆಯೇ?
4) ಬೇರೊಂದು ಚಾರ್ಜರ್ ಮತ್ತು ಬೇರೊಂದು ಸಾಕೆಟ್‌ನಲ್ಲಿ ಪರೀಕ್ಷಿಸಲಾಗಿದೆಯೇ?
5) ಕೆಟ್ಟಿದೆ ಎಂದು ಹೇಳಲಾದ ಬಿಡಿಭಾಗ ಯಾವುದು? ಅದು ಯಾವ ಪರೀಕ್ಷೆಯಿಂದ ತಿಳಿಯಿತು?
6) ಬದಲಿಸಿದ ಹಳೆಯ ಬಿಡಿಭಾಗವನ್ನು ಕಚೇರಿಗೆ ಹಿಂದಿರುಗಿಸಲಾಗಿದೆಯೇ?

ಖರೀದಿಯೇ ಸೂಕ್ತವಾಗುವ ಸಂದರ್ಭಗಳೂ ಇವೆ. ಮದರ್‌ಬೋರ್ಡ್ ಕೆಟ್ಟು ದುರಸ್ತಿ ವೆಚ್ಚವು ಹೊಸ ಯಂತ್ರದ ಬೆಲೆಯನ್ನು ಸಮೀಪಿಸಿದಾಗ ಹಳೆಯದನ್ನೇ ಹಿಡಿದು ಕೂರುವುದು ಉಳಿತಾಯವಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದರಿಂದ, ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳ ವಿಷಯದಲ್ಲಿ ಭದ್ರತೆಯ ದೃಷ್ಟಿಯನ್ನೂ ಸೇರಿಸಿ ನಿರ್ಧರಿಸಬೇಕು. ವಿಲೇವಾರಿಯಾಗುವ ಯಂತ್ರದ ಡಿಸ್ಕಿನಲ್ಲಿರುವ ದತ್ತಾಂಶವನ್ನು ಪೂರ್ಣವಾಗಿ ಅಳಿಸಿದ ನಂತರ, ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಂತೆ ಅಧಿಕೃತ ಮರುಬಳಕೆದಾರರಿಗೆ ನೀಡತಕ್ಕದ್ದು.

ಅಭ್ಯಾಸ ಪ್ರಶ್ನೆಗಳು

1) ಯಂತ್ರವು ಬಯೋಸ್ ಪರದೆಯಲ್ಲಿಯೇ ಆರಿಹೋದರೆ ಫಾರ್ಮ್ಯಾಟ್ ಏಕೆ ವ್ಯರ್ಥ?
2) ಕರ್ನಲ್-ಪವರ್ 41 ನಮೂದು ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ?
3) ಡಿಸ್ಕ್ ದೋಷದ ಸಂಶಯವಿದ್ದಾಗ ಪರೀಕ್ಷೆಗಿಂತ ಮೊದಲು ನಕಲು ಏಕೆ?
4) ಸದಸ್ಯರ ಪಂಚಾಯಿತಿಯಲ್ಲಿ ಯಂತ್ರ ನಿಂತ ದಿನ ಅರ್ಜಿ ಸ್ವೀಕರಿಸುವ ಲಿಖಿತ ವ್ಯವಸ್ಥೆ ಇದೆಯೇ? ಇಲ್ಲದಿದ್ದಲ್ಲಿ ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯ ಕೈಗೊಳ್ಳುವುದು.